ಭಾವನ ಬೈಕು, ನನ್ನ ಟ್ಯಾಂಕು

ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಅಂಗಳದಲ್ಲಿ ಕಳೆದ ವರ್ಷ ಒಂದು ಬೆಳಿಗ್ಗೆ, ಸುಸ್ಥಿತಿಯಲ್ಲಿದ್ದ ಮೋಟಾರ್‌ಸೈಕಲ್ ಒಂದರ ಹಿಂದಿನ ಸೀಟು ಕಾಣೆಯಾಗಿರುವುದು ಬೆಳಕಿಗೆ ಬಂತು. ಪ್ರಾಣಹಾನಿ ಆಗಿರಲಿಲ್ಲ. ಸೀಟನ್ನು ಯಾರೂ ಕದ್ದಿರಲಿಲ್ಲ; ಮಾಲೀಕರೇ ಥಾಣೆಯ ಒಂದು ವರ್ಕ್‌ಶಾಪಿಗೆ ಹೋಗಿ, ಹೊರಗೆ ಕಾದು ಕೂತು, ತೆಗೆಸಿಕೊಂಡು ಬಂದಿದ್ದರು. ಮಾಲೀಕರು ನನ್ನ ಭಾವ, ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಕೋಪರಖೈರಣೆಯಲ್ಲಿ ಅವರದ್ದು ಸಸ್ಯಾಹಾರಿ ಹೋಟೆಲು. ಇಂಥ ಸಂಗತಿಗಳು ನಮ್ಮ ಬಂಧುವರ್ಗದಲ್ಲಿ ಆಗಾಗ ನಡೆಯುತ್ತವೆ. ಪ್ರತಿ ಸಲವೂ ಅವು ಭಾವನ ಮನೆಯಲ್ಲಿ ನಡೆಯುತ್ತವೆ, ನಾನು ನೋಡಿ ಹೊಗಳಬೇಕಾಗುತ್ತದೆ.

ನನಗೆ ಹೊಟ್ಟೆಕಿಚ್ಚು ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಓದುತ್ತ ಹೋದಂತೆ ಕೆಲವರಿಗೆ ಬೇರೆ ಅಭಿಪ್ರಾಯ ಬರಬಹುದು.

ಹಿಂದಿನ ಸೀಟು

ಭಾವ ಆ ಬೈಕನ್ನು ನಮಗೆ ತೋರಿಸಲೆಂದೇ ಡೊಂಬಿವಲಿಯವರೆಗೆ ತಂದಿದ್ದರು. ಹ್ಯಾಂಡಲ್ಲು ಎರಡು ಕೈ ಎತ್ತಿ ಶರಣಾದವರಂತೆ ಮೇಲಕ್ಕೆ ಹೋಗಿತ್ತು. ಟ್ಯಾಂಕು ಸುಲಿದ ತೆಂಗಿನಕಾಯಿಯಷ್ಟು. ಸೀಟು ಒಂದೇ, ಅದೂ ಕುಳಿತವರಿಗೆ ಮಾತ್ರ ಗೊತ್ತಾಗುವಷ್ಟು. ಇದಕ್ಕೆ ಕಸ್ಟಮ್ ಬೈಕ್ ಎನ್ನುತ್ತಾರಂತೆ. ಕಂಪನಿಯವರು ಕಷ್ಟಪಟ್ಟು ಜೋಡಿಸಿದ್ದನ್ನು ಇನ್ನೂ ಹೆಚ್ಚು ಕಷ್ಟಪಟ್ಟು ಬಿಚ್ಚಿಸಿದರೆ ಅದು ಕಸ್ಟಮ್ ಆಗುತ್ತದೆ ಎಂಬುದು ನಾನು ಅರ್ಥ ಮಾಡಿಕೊಂಡದ್ದು.

ಕಟ್ಟಡದ ಅರ್ಧ ಜನ ಕೆಳಗಿಳಿದು ಬಂದರು. ನನ್ನ ಬೈಕಿನಿಂದ ನೆಲಕ್ಕೆ ಎಣ್ಣೆ ತೊಟ್ಟಿಕ್ಕುತ್ತದೆ ಎಂದು ವರ್ಷವಿಡೀ ನನ್ನನ್ನು ಲಿಫ್ಟಿನಲ್ಲಿ ತಡೆದು ನಿಲ್ಲಿಸುವ ಸೊಸೈಟಿ ಸೆಕ್ರೆಟರಿ, ಭಾವನ ಬೈಕಿನಿಂದ ತೊಟ್ಟಿಕ್ಕುತ್ತಿದ್ದ ಎಣ್ಣೆಯ ಪಕ್ಕದಲ್ಲೇ ನಿಂತು ಫೋಟೋ ತೆಗೆಸಿಕೊಂಡರು.

ನನ್ನ ಬೈಕೂ ಅಲ್ಲೇ ಇತ್ತು. ರಬಾಳೆಯ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ನನಗೆ ಕೆಲಸ. ಹೋಗಿಬರಲು ಕೊಂಡ ಬೈಕು. ಸೀರೆಗಾರ್ಡು, ಲೆಗ್‌ಗಾರ್ಡು, ಪಕ್ಕಕ್ಕೊಂದು ಡಬ್ಬಿ. ಕಂಪನಿಯವರು ಹೇಗೆ ಕೊಟ್ಟರೋ ಹಾಗೇ ಇದೆ, ಸವೆತ ಮಾತ್ರ ನನ್ನದು.

ಅತ್ತಿಗೆ, ಎಂದರೆ ಭಾವನ ಹೆಂಡತಿ, ಅಂದು ರಿಕ್ಷಾದಲ್ಲಿ ಬಂದಿದ್ದರು. ಬೈಕಿನ ಸುತ್ತ ಒಂದು ಸುತ್ತು ಹಾಕಿ, "ನಾನು ಎಲ್ಲಿ ಕೂತುಕೊಳ್ಳುದು?" ಎಂದು ಕೇಳಿದರು.

"ಕಸ್ಟಮ್ ಬೈಕಿಗೆ ಹಿಂದೆ ಸೀಟು ಇರುದಿಲ್ಲ," ಎಂದರು ಭಾವ.

"ಬೈಕಿಗೆ ಇಲ್ಲದಿದ್ರೆ ಏನಾಯ್ತು, ನಿಮಗೆ ಹೆಂಡತಿ ಉಂಟಲ್ಲ?"

ಭಾವ ಸ್ವಲ್ಪ ಯೋಚಿಸಿ ನನ್ನತ್ತ ಕೈ ತೋರಿಸಿದರು. "ಇವನಿದ್ದಾನಲ್ಲ. ಇವನದ್ದು ಉದ್ದ ಸೀಟು."

ಆಗ ನನ್ನ ಹೆಂಡತಿ ಏನಾದರೂ ಹೇಳುತ್ತಾಳೆಂದು ಕಾದೆ. ಹೇಳಿದಳು. "ಒಳ್ಳೇದಾಯ್ತು. ಇನ್ನು ಎಲ್ಲಿಗೆ ಹೋಗುದಾದ್ರೂ ನಾನು ಟ್ರೈನಲ್ಲಿ ಬರ್ತೇನೆ. ಇವರ ಬೈಕಲ್ಲಿ ಕೂತರೆ ನನ್ನ ಸೊಂಟ ಹೋಗ್ತದೆ."

ಬೈಕಿನಲ್ಲಿ ಸಾಮಾನು ಕಟ್ಟುವ ಜಾಗವನ್ನೂ ತೆಗೆಸಿದ್ದರಿಂದ ತಿಂಡಿಯ ಡಬ್ಬಿ, ರೇನ್‌ಕೋಟು, ಭಾವನ ಚಪ್ಪಲಿ ಕೂಡ ನನ್ನ ಪಾಲಿಗೆ ಬಂದವು. ಬೂಟು ಹಾಕಿ ಬೈಕು ಬಿಟ್ಟ ಮೇಲೆ ಅವರಿಗೆ ಚಪ್ಪಲಿ ಬೇಕಾಗುತ್ತದೆ. ಹೀಗೆ ಅವರ ಬೈಕು ಹಗುರವಾದಷ್ಟೂ ನನ್ನದು ಭಾರವಾಯಿತು.

ಕೆಂಪು ಕಾರ್ಪೆಟ್ಟು

ಇಂಥ ಬೈಕುಗಳೆಲ್ಲ ಒಂದೆಡೆ ಸೇರುವ ರ‍್ಯಾಲಿ, ಕಲ್ಯಾಣ ದಾಟಿ ಮುರಬಾಡ್ ರಸ್ತೆಯ ಬದಿಯ ಒಂದು ಮೈದಾನದಲ್ಲಿ ವರ್ಷಕ್ಕೊಮ್ಮೆ ನಡೆಯುತ್ತದೆ. ಕಳೆದ ವರ್ಷ ನಾವು ಮೊದಲ ಬಾರಿಗೆ ಹೋದೆವು. ಅಲ್ಲಿ ಎಲ್ಲರಿಗೂ ಗಡ್ಡವಿತ್ತು. ಗಡ್ಡಕ್ಕೂ ಬೈಕಿನಷ್ಟೇ ಕೆಲಸ ಮಾಡಿಸಿದ್ದರು.

ಗೇಟಿನಲ್ಲಿ ಕಪ್ಪು ಟೀಶರ್ಟಿನ ಸ್ವಯಂಸೇವಕರು ಬೈಕು ನೋಡಿ ದಾರಿ ತೋರಿಸುತ್ತಿದ್ದರು. ಭಾವನನ್ನು ಬಲಕ್ಕೆ ಕಳಿಸಿದರು. ಅಲ್ಲಿ ಪೆಂಡಾಲು, ನೆರಳು, ಫ್ಯಾನು, ಉದ್ದಕ್ಕೆ ಹಾಸಿದ ಕೆಂಪು ಕಾರ್ಪೆಟ್ಟು. ಕಾರ್ಪೆಟ್ಟಿನ ಮೇಲೆ ಬೈಕು ನಿಲ್ಲಿಸಿ ಮಾಲೀಕ ಪಕ್ಕದಲ್ಲಿ ನಿಲ್ಲಬೇಕು. ಜಡ್ಜು ಬಂದು ನೋಡುತ್ತಾರೆ, ಉಳಿದವರು ಫೋಟೋ ತೆಗೆಯುತ್ತಾರೆ. ನನ್ನನ್ನು ನೇರಕ್ಕೆ ಕಳಿಸಿದರು. ನೇರಕ್ಕೆ ಹೋದರೆ ಒಂದು ಚರಂಡಿ, ಚರಂಡಿಯಾಚೆ ಬಿಸಿಲು, ಬಿಸಿಲಿನಲ್ಲಿ ನೀರಿನ ಟ್ಯಾಂಕರು, ಟ್ಯಾಂಕರಿನ ಪಕ್ಕ ಸಾಮಾನ್ಯ ಪಾರ್ಕಿಂಗು. ಅತ್ತಿಗೆ ನನ್ನ ಬೈಕಿನಿಂದ ಗೇಟಿನಲ್ಲೇ ಇಳಿದು ಬಲಕ್ಕೆ ನಡೆದರು.

ಭಾವ ಕಾರ್ಪೆಟ್ಟಿನ ಮೇಲೆ ಹೋಟೆಲಿನ ಗಲ್ಲಾದಲ್ಲಿ ನಿಂತಂತೆಯೇ ನಿಂತಿದ್ದರು. ಹೆಗಲ ಮೇಲೆ ಬಟ್ಟೆ. ಯಾರಾದರೂ ಟ್ಯಾಂಕು ಮುಟ್ಟಿ ಹೋದ ಕೂಡಲೇ ಮೇಜು ಒರೆಸಿದಂತೆ ಒರೆಸುತ್ತಿದ್ದರು. ಹೋಟೆಲಿನ ಬಾಗಿಲಿಗೆ ಪ್ರತಿ ಶನಿವಾರ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಹೋಗುವವನ ಕೈಯಲ್ಲೇ ಬೈಕಿನ ಲೈಟಿನ ಕೆಳಗೂ ಒಂದು ಕಟ್ಟಿಸಿದ್ದರು. ಜಡ್ಜು ಉಳಿದದ್ದನ್ನೆಲ್ಲ ಬಿಟ್ಟು ಅದರ ಮುಂದೆ ಬಗ್ಗಿದರು.

"ಇದು ಹ್ಯಾಂಡ್‌ಮೇಡಾ?" ಎಂದು ಹಿಂದಿಯಲ್ಲಿ ಕೇಳಿದರು.

"ಹೌದು. ಪ್ರತಿ ವಾರ ಹೊಸದು," ಎಂದರು ಭಾವ.

ಜಡ್ಜು ತಲೆದೂಗಿ, ಇಷ್ಟು ಶ್ರದ್ಧೆ ಈಗಿನವರಲ್ಲಿ ಕಡಿಮೆ ಎಂದರು. ನನ್ನ ಬೈಕಿಗೂ ಅದನ್ನು ಕಟ್ಟಿದ್ದೆ. ಟ್ಯಾಂಕರಿನವನು ಅದರಿಂದ ಒಂದು ಮೆಣಸಿನಕಾಯಿ ಕಿತ್ತು ವಡಾಪಾವಿನ ಜೊತೆ ತಿಂದನು.

ಭಾವನಿಗೆ ಬಹುಮಾನ ಬರಲಿಲ್ಲ. ಅದರಿಂದ ನನಗೆ ಸಂತೋಷವೇನೂ ಆಗಲಿಲ್ಲ, ರಾತ್ರಿ ಊಟ ಎಂದಿಗಿಂತ ಚೆನ್ನಾಗಿ ಸೇರಿತು, ಅಷ್ಟೆ. ಆದರೆ ಕಾರ್ಪೆಟ್ಟಿನ ಮೇಲಿನ ಅವರ ಫೋಟೋ ಕುಟುಂಬದ ಗ್ರೂಪಿಗೆ ಬಂತು. ಉಡುಪಿಯಲ್ಲಿರುವ ನನ್ನ ಅತ್ತೆ ಕೂಡ ಹೆಬ್ಬೆರಳು ಎತ್ತಿದರು. ನನ್ನ ಹೆಂಡತಿ ಆ ಫೋಟೋವನ್ನು ದೊಡ್ಡದು ಮಾಡಿ, ಮೂಲೆಗೆ ಎಳೆದು, ಕಣ್ಣು ಕಿರಿದು ಮಾಡಿ ಕೇಳಿದಳು: "ಇಲ್ಲಿ ಹಿಂದೆ, ಟ್ಯಾಂಕರಿನ ಹತ್ರ ತಲೆಗೆ ಕರ್ಚೀಫು ಹಾಕಿಕೊಂಡು ನಿಂತದ್ದು ನೀವಾ?"

ನಾನೇ ಆಗಿದ್ದೆ. ಮುಂದಿನ ವರ್ಷ ಆ ಕಾರ್ಪೆಟ್ಟಿನ ಮೇಲೆ ನಿಲ್ಲಬೇಕೆಂದು ಅಂದೇ ತೀರ್ಮಾನಿಸಿದೆ. ಬಹುಮಾನ ಬೇಡ. ಕಾರ್ಪೆಟ್ಟು ಸಾಕು.

ಎಷ್ಟು ಮಂದಿಗೆ?

ಥಾಣೆಯ ವರ್ಕ್‌ಶಾಪಿಗೆ ಹೋಗುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಅಲ್ಲಿ ಬೈಕು ಬಿಚ್ಚುವ ಮೊದಲು ನಿಮ್ಮ ವ್ಯಕ್ತಿತ್ವ ಎಂಥದ್ದು ಎಂದು ಕೇಳುತ್ತಾರಂತೆ. ಬೈಕು ಪೂರ್ತಿ ಬದಲಾಯಿಸುವುದು ಬೇಡ, ಒಂದು ಟ್ಯಾಂಕು ಬದಲಾದರೂ ಗೇಟಿನವರು ಬಲಕ್ಕೆ ಬಿಡುತ್ತಾರೆ ಎಂದು ಲೆಕ್ಕ ಹಾಕಿದೆ. ನಮ್ಮ ಕಾರ್ಖಾನೆಯ ಹಿಂದಿನ ಗಲ್ಲಿಯಲ್ಲೇ ಸ್ಟೀಲಿನ ಕೆಲಸದ ಒಬ್ಬ ಮೇಸ್ತ್ರಿ ಇದ್ದಾನೆ, ವಿಜಯಪುರದ ಕಡೆಯವನು. ಭಾವನ ಹೋಟೆಲಿನ ಇಡ್ಲಿ ಸ್ಟೀಮರು, ಸಾಂಬಾರಿನ ಡ್ರಮ್ಮು ಎಲ್ಲ ಅವನದೇ ಕೈಕೆಲಸ. ಸ್ಟೀಲು ಎಲ್ಲಿದ್ದರೂ ಸ್ಟೀಲೇ ಎಂದುಕೊಂಡು ಊಟದ ಬಿಡುವಿನಲ್ಲಿ ಗುಟ್ಟಾಗಿ ಹೋದೆ.

"ಟ್ಯಾಂಕ್ ಮಾಡಬೇಕು," ಎಂದೆ.

"ಎಷ್ಟ ಮಂದಿಗ್ರಿ?"

"ಒಬ್ಬ. ಹಿಂದೆ ಇನ್ನೊಬ್ಬರು ಕೂರುತ್ತಾರೆ."

ಮೇಸ್ತ್ರಿ ವೆಲ್ಡಿಂಗ್ ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದ. "ಇಬ್ಬರಿಗೆ ಯಾರ್ ಮಾಡಸ್ತಾರ್ರೀ ಸರ? ಐವತ್ತ ಮಂದಿಗಿಂತ ಸಣ್ಣದ್ ನಾವ್ ಮಾಡಂಗಿಲ್ಲ."

ಬೈಕಿನ ಪೆಟ್ರೋಲ್ ಟ್ಯಾಂಕು ಎಂದು ವಿವರಿಸಿದೆ. ಬೈಕನ್ನು ಅಲ್ಲೇ ಬಿಟ್ಟು, ಹಳೆಯ ಟ್ಯಾಂಕನ್ನು ಅಳತೆಗೆ ಕೊಟ್ಟೆ. ಹೊಳೆಯುವಂತಿರಲಿ, ಎಲ್ಲರ ಕಣ್ಣಿಗೆ ಬೀಳುವಂತಿರಲಿ ಎಂದೆ. ಅದರ ಚಿಂತೆ ಬಿಡ್ರಿ ಎಂದ. ಬಿಟ್ಟೆ.

ವಾರ ಕಳೆದು ಹೋದಾಗ ಟ್ಯಾಂಕು ಬೈಕಿನ ಮೇಲೆ ಕೂತಿತ್ತು. ನಿಜಕ್ಕೂ ಹೊಳೆಯುತ್ತಿತ್ತು. ದುಂಡಗಿತ್ತು. ಮೇಲೆ ಗುಂಡಿ ಇರುವ ಮುಚ್ಚಳ. ಎರಡು ಬದಿಗೆ ಎರಡು ಕಿವಿ, ಇಬ್ಬರು ಹಿಡಿದು ಎತ್ತಲು. ಮುಂದೆ, ಎಡಕ್ಕೆ, ತಳದಲ್ಲಿ ಒಂದು ಹಿತ್ತಾಳೆಯ ನಲ್ಲಿ.

"ಇದೇನು?"

"ನಳರಿ."

"ನಳ ಅಂತ ಕಾಣಿಸ್ತದೆ. ಯಾಕೆ?"

"ತಳ ತೊಳಿಯೋದ್ ಹೆಂಗ್ರಿ ಮತ್ತ? ಬೈಕ್‌ನ ತಿರುವಿ ಬಕ್ಕಬಾರ್ಲೆ ಹಾಕ್ತೀರೇನು? ಕೆಳಗ ನಳ ಇಲ್ಲದ್ದ ಇವತ್ತಿಗೂ ನನ್ನ ಅಂಗಡಿಯಿಂದ ಹೊರಗ ಹೋಗಿಲ್ಲ."

ಭಾವನಿಗೆ ಇದನ್ನು ಹೇಳಬೇಡ ಎಂದು ಕೇಳಿಕೊಂಡೆ. ಮೇಸ್ತ್ರಿ ಗಂಭೀರವಾಗಿ ಒಪ್ಪಿದ. "ಹೇಳಂಗಿಲ್ರಿ. ಅವರದ್ರಾಗ ಒಂದ ನಳ ಐತಿ. ನಿಮ್ಮದ್ರಾಗೂ ಒಂದ ಐತಿ. ಅವರ್ಯಾಕ ಹೊಟ್ಟಿ ಉರ್ಕೋತಾರ?"

ಶಿಳ್‌ಫಾಟಾದಲ್ಲಿ ಸತ್ಕಾರ

ರ‍್ಯಾಲಿ ಇರುವುದು ಕಲ್ಯಾಣದಾಚೆ. ನಾನಿರುವುದು ಡೊಂಬಿವಲಿಯಲ್ಲಿ. ಆದರೂ ರೈಡು ಭಾವನ ಹೋಟೆಲಿನಿಂದಲೇ ಹೊರಡಬೇಕು, ಅಲ್ಲಿ ತೆಂಗಿನಕಾಯಿ ಒಡೆಯಬೇಕು ಎಂಬ ಕಾರಣಕ್ಕೆ ನಾನು ಭಾನುವಾರ ಬೆಳಗಾಗುವ ಮೊದಲೇ ಎದ್ದು ರ‍್ಯಾಲಿಗೆ ಬೆನ್ನು ಹಾಕಿ ಕೋಪರಖೈರಣೆಗೆ ಹೋದೆ. ನಂತರ ಬಂದ ದಾರಿಯಲ್ಲೇ ವಾಪಸು ಬಂದು ಡೊಂಬಿವಲಿಯನ್ನು ಹಾದು ಮುಂದೆ ಹೋಗಬೇಕು. ಇದಕ್ಕೆ ವೀಕೆಂಡ್ ರೈಡ್ ಎನ್ನುತ್ತಾರೆ.

ಭಾವ ಲಡಾಖಿಗೆ ಹೊರಟವರಂತೆ ಚರ್ಮದ ಜಾಕೀಟು ತೊಟ್ಟು ಹೊರಬಂದರು. ನನ್ನ ಟ್ಯಾಂಕನ್ನು ನೋಡಿದರು. ಸುತ್ತ ಬಂದರು. ಬೆರಳಿನಿಂದ ತಟ್ಟಿ ಸದ್ದು ಕೇಳಿದರು.

"ಸಾಂಬಾರಿಗೆ ಒಳ್ಳೇದುಂಟು," ಎಂದರು.

"ಡಿಸೈನ್ ನನ್ನದು ಭಾವ."

"ಹೌದಾ? ಹಾಗಾದ್ರೆ ರಬಾಳೆಯವ ನಿನ್ನದನ್ನು ಕದ್ದಿದ್ದಾನೆ ಮಾರಾಯ. ಒಳಗೆ ಹೋಗಿ ನೋಡು, ನಮ್ಮಲ್ಲಿ ಅಂಥದ್ದು ಮೂರುಂಟು."

ಅತ್ತಿಗೆ ಹಿಂದೆ ಕೂತರು. ಅವರ ಮಡಿಲಲ್ಲಿ ದೊಡ್ಡ ಡಬ್ಬಿ ತುಂಬ ಬನ್ಸು, ಹೆಗಲಿನ ಚೀಲದಲ್ಲಿ ಚಟ್ನಿ. ಎರಡು ಮನೆಯವರಿಗೆಂದು ಮಾಡಿದ್ದು. ಆದರೆ ಹೋಟೆಲಿನ ಕೈಯಲ್ಲಿ ಎರಡು ಮನೆಯ ಅಳತೆಗೆ ಹಿಟ್ಟು ಕಲಸುವುದು ಬರುವುದಿಲ್ಲ.

ಶಿಳ್‌ಫಾಟಾದಲ್ಲಿ ಟ್ರಾಫಿಕ್ಕು ನಿಂತಿತು. ಕಂಟೇನರ್ ಲಾರಿಗಳ ನಡುವೆ ಭಾವ ಜಾಕೀಟಿನೊಳಗೆ ಬೇಯುತ್ತ, ಅಕ್ಕಪಕ್ಕದವರು ನೋಡಲೆಂದು ಎಂಜಿನ್ನನ್ನು ಗುರ್ ಅನ್ನಿಸುತ್ತಲೇ ಇದ್ದರು. ತೆಂಗಿನಕಾಯಿಯಷ್ಟು ಟ್ಯಾಂಕು ಎಷ್ಟು ಹೊತ್ತು ತಾಳೀತು? ಗುರ್ ಎನ್ನುವುದು ನಿಂತಿತು. ಪೆಟ್ರೋಲು ಮುಗಿದಿತ್ತು.

ನಾನು ಬೈಕನ್ನು ಬದಿಗೆ ಹಾಕಿ, ಆರಿಸಿ, ಇಳಿದು, ಟ್ಯಾಂಕಿನ ಪಕ್ಕ ನಿಂತೆ. ಕೇಳಲಿ ಎಂದು.

ಭಾವ ಆಕಾಶ ನೋಡಿದರು, ಲಾರಿಗಳನ್ನು ನೋಡಿದರು, ಕೊನೆಗೆ ನನ್ನ ನಲ್ಲಿಯನ್ನು ನೋಡಿದರು. "ಸ್ವಲ್ಪ ಬಿಡು ಮಾರಾಯ."

ಅತ್ತಿಗೆ ಚೀಲದಿಂದ ಸ್ಟೀಲಿನ ಲೋಟ ತೆಗೆದುಕೊಟ್ಟರು. ನಾನು ನಲ್ಲಿ ತಿರುಗಿಸಿ ಲೋಟ ತುಂಬಿಸಿದೆ. ಭಾವ ಅದನ್ನು ಎತ್ತರದಿಂದ, ಕಾಫಿ ಆರಿಸುವಂತೆ ಸಣ್ಣ ಧಾರೆ ಮಾಡಿ, ಒಂದು ಹನಿ ಚೆಲ್ಲದೆ ತಮ್ಮ ಟ್ಯಾಂಕಿನ ಕಿರಿದಾದ ಬಾಯಿಗೆ ಬಿಟ್ಟರು. ಲಾರಿಯ ಡ್ರೈವರುಗಳು ತಲೆ ಹೊರಗೆ ಹಾಕಿ ನೋಡಿದರು. ಎಲ್ಲರೂ ಅವರನ್ನೇ ನೋಡಿದರು. ಪೆಟ್ರೋಲು ನನ್ನದು, ನಲ್ಲಿ ನನ್ನದು, ಕೈಚಳಕ ಮಾತ್ರ ಅವರದು. ಚಪ್ಪಾಳೆ ಅದಕ್ಕೇ ಬಿತ್ತು. ಇನ್ನೊಂದು ಲೋಟ ಬಿಡಲು ಹೋದಾಗ ಭಾವ, ಊಟದ ಎಲೆಯ ಮುಂದೆ ಪಾಯಸ ಬೇಡವೆನ್ನುವವರಂತೆ ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಹಿಡಿದು, "ಸಾಕು ಸಾಕು, ಮತ್ತೆ ಬೇಕಾದ್ರೆ ಕೇಳ್ತೇನೆ," ಎಂದರು.

ಡೊಂಬಿವಲಿಯ ಹತ್ತಿರ ಬಂದಾಗ ಹೆಂಡತಿಯ ಫೋನು ಬಂತು. ಆಕೆ ಮನೆಯಲ್ಲಿ ನಿಧಾನವಾಗಿ ತಿಂಡಿ ಮುಗಿಸಿ, ಲೋಕಲಿನಲ್ಲಿ ಕಲ್ಯಾಣದಲ್ಲಿ ಇಳಿದು, ಶೇರ್ ರಿಕ್ಷಾ ಹಿಡಿದು ಮೈದಾನ ತಲುಪಿ ತುಂಬಾ ಹೊತ್ತಾಗಿತ್ತು.

ಎಡಕ್ಕೆ

ಗೇಟು ಬಂತು. ಭಾವನನ್ನು ಬಲಕ್ಕೆ ಬಿಟ್ಟರು. ನಾನು ಹೆಲ್ಮೆಟ್ಟಿನ ಗಾಜು ಮೇಲೆ ಮಾಡಿ, ಟ್ಯಾಂಕು ಬಿಸಿಲಿಗೆ ಹೊಳೆಯುವಂತೆ ಬೈಕನ್ನು ಸ್ವಲ್ಪ ಓರೆ ಮಾಡಿ ನಿಲ್ಲಿಸಿದೆ.

ಸ್ವಯಂಸೇವಕ ಟ್ಯಾಂಕು ನೋಡಿದ. ನಲ್ಲಿ ನೋಡಿದ. ಅತ್ತಿಗೆಯ ಮಡಿಲಿನ ಡಬ್ಬಿ ನೋಡಿದ. "ಕಾಕಾ, ಕೇಟರಿಂಗ್ ಡಾವೀಕಡೆ," ಎಂದು ಮರಾಠಿಯಲ್ಲಿ ಹೇಳಿ ಎಡಕ್ಕೆ ಕೈ ತೋರಿಸಿದ.

"ಕೇಟರಿಂಗ್ ಅಲ್ಲ. ಇದು ಕಸ್ಟಮ್ ಬೈಕು," ಎಂದೆ.

"ಹೋ ಕಾಕಾ, ಮಸ್ತ್ ಸೆಟಪ್ ಆಹೆ," ಎಂದು ಅವನು ಮನಸ್ಸಿನಿಂದಲೇ ಮೆಚ್ಚಿಕೊಂಡ. ಹಿಂದಿನವರು ಹಾರ್ನು ಹೊಡೆಯುತ್ತಿದ್ದರು. ಎಡಕ್ಕೆ ಹೋದೆ.

ಅಲ್ಲಿ ತಿಂಡಿಯ ಸ್ಟಾಲುಗಳು. ಒಂದು ಸ್ಟಾಲು ಖಾಲಿ ಇತ್ತು. ಪೆಂಡಾಲು, ನೆರಳು, ಫ್ಯಾನು ಎಲ್ಲ ಇದ್ದವು. ಕಾರ್ಪೆಟ್ಟೂ ಇತ್ತು. ಹಸಿರು. ನನ್ನ ಹೆಂಡತಿ ಅದರ ಮೇಲೆ ಕುರ್ಚಿ ಹಾಕಿಕೊಂಡು ಕೋಕಂ ಶರಬತ್ತು ಕುಡಿಯುತ್ತಿದ್ದಳು. "ಇಲ್ಲೇ ನಿಲ್ಲಿಸಿ. ಚರಂಡಿಯಾಚೆ ಹೋಗುದಕ್ಕಿಂತ ವಾಸಿ," ಎಂದಳು. ಬೈಕನ್ನು ಹಸಿರು ಕಾರ್ಪೆಟ್ಟಿನ ಮೇಲೆ ನಿಲ್ಲಿಸಿ, ಭಾವನಂತೆಯೇ ಪಕ್ಕದಲ್ಲಿ ನಿಂತೆ. ಒಂದು ಫೋಟೋ ತೆಗೆ ಎಂದು ಹೆಂಡತಿಗೆ ಹೇಳುವಷ್ಟರಲ್ಲಿ, ಜಡೆಗಡ್ಡದ ಒಬ್ಬ ಸವಾರ ಬಂದು ಪೇಪರ್ ಕಪ್ಪನ್ನು ನಲ್ಲಿಯ ಕೆಳಗೆ ಹಿಡಿದ.

ನಾನು ತಡೆಯುವ ಮೊದಲು ಅರ್ಧ ಕಪ್ಪು ತುಂಬಿತ್ತು. ಅವನು ಬಣ್ಣ ನೋಡಿ, "ಲೆಮನ್ ಟೀ?" ಎಂದ. ಮೂಗಿನ ಹತ್ತಿರ ತಂದ. ಕಪ್ಪನ್ನು ಮೈಯಿಂದ ದೂರ ಹಿಡಿದ. ನಾನು ಕಪ್ಪನ್ನು ಅವನ ಕೈಯಿಂದ ಮೆಲ್ಲನೆ ಬಿಡಿಸಿ ಮುಚ್ಚಳ ತೆಗೆದು ವಾಪಸು ಟ್ಯಾಂಕಿಗೆ ಸುರಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅತ್ತಿಗೆ ಹೋಟೆಲಿನ ಮನೆಯವರು; ಬಂದವನು ಖಾಲಿ ಕಪ್ಪು ಹಿಡಿದು ಹೋಗುವುದನ್ನು ಅವರು ನೋಡಲಾರರು. "ನಿಲ್ಲಪ್ಪ," ಎಂದು ಕನ್ನಡದಲ್ಲೇ ಹೇಳಿ, ಡಬ್ಬಿ ತೆಗೆದು, ಅವನ ಕೈಗೆ ಎರಡು ಬನ್ಸು, ಮೇಲೆ ಚಟ್ನಿ ಹಾಕಿದರು. ಅವನು ತಿಂದ. ಹೋಗಿ ತನ್ನ ಕ್ಲಬ್ಬಿನವರನ್ನು ಕರೆತಂದ. ಅವರು ತಿಂದು ಇನ್ನೊಂದು ಕ್ಲಬ್ಬಿಗೆ ಹೇಳಿದರು. ಮೈದಾನದಲ್ಲಿ ಕೂಪನ್ನು ಕೇಳದ ಸ್ಟಾಲು ನಮ್ಮದೊಂದೇ. ಸಾಲು ಪೆಂಡಾಲು ದಾಟಿತು. ನನ್ನ ಹೆಂಡತಿ ಚಟ್ನಿಗೆ ನಿಂತಳು. ನಾನು ನಲ್ಲಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತೆ.

ಅತ್ತ ಕೆಂಪು ಕಾರ್ಪೆಟ್ಟಿನ ಕಡೆ ಜನ ಕರಗಿದ್ದರು. ಭಾವ ಒಬ್ಬರೇ ನಿಂತು ಇತ್ತ ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ಭಾವನೆ ಇತ್ತು. ಅದನ್ನು ನಾನು ಚೆನ್ನಾಗಿ ಬಲ್ಲೆ. ಪ್ರತಿದಿನ ಕ್ಷೌರ ಮಾಡುವಾಗ ನೋಡುತ್ತೇನೆ. ತಮ್ಮ ಮನೆಯ ಬನ್ಸಿಗೆ ನನ್ನ ಬೈಕಿನ ಮುಂದೆ ಸಾಲು ನಿಂತದ್ದನ್ನು ಅವರು ತುಸು ಹೊತ್ತು ತಡೆದುಕೊಂಡರು. ಆಮೇಲೆ ಜಾಕೀಟು ಕಳಚಿ ಬೈಕಿನ ಮೇಲೆ ಎಸೆದು ಬಂದೇಬಿಟ್ಟರು.

"ಹೀಗಾ ಬಡಿಸುದು? ಸಾಲು ಎರಡು ಮಾಡಿ. ತಿಂದವರು ಆ ಕಡೆಯಿಂದ ಹೋಗಿ. ಏಯ್ ದಾಡೀವಾಲಾ, ಪಾರ್ಸಲ್ ನಹೀ ಹೈ." ಡಬ್ಬಿ ಅವರ ಕೈಗೆ ಹೋಯಿತು, ಬಟ್ಟೆ ಹೆಗಲಿಗೆ ಬಂತು.

ಅದೇ ಹೊತ್ತಿಗೆ ಜಡ್ಜು ಕೆಂಪು ಕಾರ್ಪೆಟ್ಟಿಗೆ ಬಂದರು. ಭಾವನ ಬೈಕಿನ ಮುಂದೆ ನಿಂತು ಎಂಜಿನ್ ಶುರು ಮಾಡಿ ತೋರಿಸಿ ಎಂದರಂತೆ. ಮಾಲೀಕರಿರಲಿಲ್ಲ. ಮೈಕಿನಲ್ಲಿ ನಂಬರು ಕೂಗಿದರು. ನನಗೆ ಕೇಳಿಸಿತು. ಭಾವನಿಗೆ ಹೇಳೋಣವೆಂದುಕೊಂಡೆ, ಆದರೆ ಅವರು ಬಡಿಸುವಾಗ ನಡುವೆ ಮಾತಾಡಿಸಿದರೆ ಸಿಟ್ಟಾಗುತ್ತಾರೆ. ಜಡ್ಜು ಮುಂದಿನ ಬೈಕಿಗೆ ಹೋದರು.

ಸಂಜೆ ಬಹುಮಾನಗಳನ್ನು ಘೋಷಿಸಿದರು. ಬೈಕುಗಳ ಪಟ್ಟಿಯಲ್ಲಿ ಭಾವನ ಹೆಸರಿರಲಿಲ್ಲ. ಕೊನೆಗೆ ಅತ್ಯುತ್ತಮ ಫುಡ್ ಸ್ಟಾಲ್ ಎಂದು, "ವೋ ಟಂಕಿವಾಲೆ ಕಾಕಾ" ಎಂದು ಕರೆದರು. ಜೀವಮಾನದಲ್ಲಿ ಒಂದು ಕಪ್ಪು ಚಹಾ ಮಾಡದ ನಾನು ಫಲಕ ಪಡೆಯಲು ವೇದಿಕೆ ಹತ್ತಿದೆ. ಅಷ್ಟು ವರ್ಷ ಹೋಟೆಲು ನಡೆಸಿದ ಭಾವ ಕೆಳಗೆ ನಿಂತು ಚಪ್ಪಾಳೆ ತಟ್ಟಿದರು, ಒಂದು ಸಲ.

ವಾಪಸು ಹೊರಡುವಾಗ ಅವರು ನನ್ನತ್ತ ತಿರುಗದೆ ತಮ್ಮ ಟ್ಯಾಂಕನ್ನೇ ಒರೆಸುತ್ತಿದ್ದರು. ಫಲಕವನ್ನು ನಮ್ಮ ಹಾಲಿನಲ್ಲಿ ಟೀವಿಯ ಮೇಲೆ ತೂಗುಹಾಕಲು ನಾನು ಮನಸ್ಸಿನಲ್ಲೇ ಮೊಳೆ ಹೊಡೆದಾಗಿತ್ತು. ಅಷ್ಟರಲ್ಲಿ ಅಕ್ಕತಂಗಿಯರು ಗೇಟಿನ ಹತ್ತಿರ ನಿಂತು ಮಾತಾಡಿಕೊಂಡು ಬಂದರು. ತಿಂಡಿಗೆ ಸಿಕ್ಕಿದ್ದು ತಿಂಡಿಯ ಜಾಗದಲ್ಲೇ ಇರಬೇಕು, ಮನೆಯಲ್ಲಿಟ್ಟರೆ ಯಾರು ನೋಡುತ್ತಾರೆ ಎಂದು ನನ್ನ ಹೆಂಡತಿಯೇ ಹೇಳಿದಳು.

ಫಲಕ ಈಗ ಕೋಪರಖೈರಣೆಯಲ್ಲಿ, ಗಲ್ಲಾದ ಹಿಂದಿನ ಗೋಡೆಯ ಮೇಲಿದೆ.